ಏಕವಚನಕ್ಕೆ ಎಡೆಯಿಲ್ಲದ ಒಂದೂವರೆ ಗಂಟೆ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಬಡಾವಣೆಯ ಪಾರ್ಕಿನ ಕಲ್ಲುಬೆಂಚಿನ ಮೇಲೆ ಪ್ರತಿ ಸಲ ಕೇಳುವ ಮಾತು ಒಂದೇ: 'ಇವರು ಒಬ್ಬರನ್ನೊಬ್ಬರು ಬೈದಾಡೋದು ಬಿಟ್ಟು ನೀರು, ಚರಂಡಿ, ಬಸ್ಸಿನ ವಿಷಯ ಮಾತಾಡಬಾರದೇನ್ರೀ?' ಮಾತಾಡುತ್ತಾರೆ, ಆದರೆ ಅದಕ್ಕೊಂದು ಜಾಗ ಕಟ್ಟಿಕೊಡಬೇಕು. ಕಣದಲ್ಲಿರುವ ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಕರೆದು ಮತದಾರರ ಮುಂದೆ ಕೂರಿಸುವ 'ಮುಖಾಮುಖಿ' ಸಭೆ ಅಂಥ ಜಾಗ. ಬೆಂಗಳೂರಿನ ಒಂದು ವಿಧಾನಸಭಾ ಕ್ಷೇತ್ರದ ಮಟ್ಟದಲ್ಲಿ ನಿವಾಸಿಗಳ ಸಂಘಗಳು ಸೇರಿ ಇದನ್ನು ಹೇಗೆ ನಡೆಸಬಹುದು, ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. 'ದಯವಿಟ್ಟು ಸಭ್ಯವಾಗಿ ಮಾತಾಡಿ' ಎಂದು ಕೈಮುಗಿದರೆ ಯಾರೂ ಸಭ್ಯರಾಗುವುದಿಲ್ಲ. ಪ್ರಶ್ನೆ ಬಿಗಿಯಾಗಿದ್ದು, ಮೈಕು ಸಂಘಟಕರ ಹಿಡಿತದಲ್ಲಿದ್ದು, ಕುರ್ಚಿಗಳೆಲ್ಲ ಒಂದೇ ಎತ್ತರದಲ್ಲಿದ್ದರೆ ನಾಲಿಗೆ ಹದಕ್ಕೆ ಬರುತ್ತದೆ.

ಎಲ್ಲಕ್ಕಿಂತ ಮೊದಲು ತಾರೀಕು. ನಾಮಪತ್ರ ವಾಪಸ್ ಪಡೆಯುವ ಕೊನೆಯ ದಿನ ಮುಗಿಯುವವರೆಗೆ ಕಣದಲ್ಲಿ ಯಾರು ಉಳಿದಿದ್ದಾರೆ ಎಂಬುದು ಖಚಿತವಿಲ್ಲ. ಬಿ ಫಾರಂ ಸಿಗದವರು ಬಂಡಾಯವಾಗಿ ನಿಂತಿರುತ್ತಾರೆ, ಕೊನೆ ಗಳಿಗೆಯಲ್ಲಿ ಸಂಧಾನವಾಗಿ ಹಿಂದೆ ಸರಿಯುತ್ತಾರೆ. ಇನ್ನೊಂದು ತುದಿಯಲ್ಲಿ, ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚೆ ಬಹಿರಂಗ ಸಭೆಗಳು ನಿಲ್ಲಬೇಕು. ಅದು ಪ್ರಜಾಪ್ರಾತಿನಿಧ್ಯ ಕಾಯ್ದೆಯ 126ನೇ ಸೆಕ್ಷನ್. 2023ರ ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರ ವಾಪಸಾತಿ ಏಪ್ರಿಲ್ 24ಕ್ಕೆ ಮುಗಿಯಿತು, ಮತದಾನ ಮೇ 10ಕ್ಕೆ. ಪ್ರಚಾರ ಮೇ 8ರ ಸಂಜೆ ಬಂದ್. ಅಂದರೆ ಕೈಯಲ್ಲಿ ಉಳಿದದ್ದು ಸರಿಯಾಗಿ ಎರಡು ವಾರ. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರಿಗೆ ವಾಪಸಾತಿ ಏಪ್ರಿಲ್ 8ಕ್ಕೆ, ಮತದಾನ 26ಕ್ಕೆ. ಕಾಗದದ ಮೇಲೆ ಇನ್ನೂ ಎರಡು ದಿನ ಹೆಚ್ಚು. ಆದರೆ 9ಕ್ಕೆ ಯುಗಾದಿ, ಮರುದಿನ ಮಾಂಸದೂಟದ ಹೊಸತೊಡಕು, 11ಕ್ಕೆ ರಂಜಾನ್, 14ಕ್ಕೆ ಅಂಬೇಡ್ಕರ್ ಜಯಂತಿ, 17ಕ್ಕೆ ರಾಮನವಮಿ. ಹೊಸತೊಡಕಿನ ದಿನ ಬೆಂಗಳೂರಿನಲ್ಲಿ ಸಭೆ ಕರೆಯುವವರಿಗೆ ಈ ಊರಿನ ಪರಿಚಯವಿಲ್ಲ ಎಂದೇ ಲೆಕ್ಕ.

ಕೊನೆಯ ಭಾನುವಾರ ದೊಡ್ಡ ನಾಯಕರ ರೋಡ್ ಶೋಗಳಿಗೆ ಹೋಗುತ್ತದೆ. ಆ ದಿನ ಅಭ್ಯರ್ಥಿಯೂ ಸಿಗುವುದಿಲ್ಲ, ರಸ್ತೆಯೂ ಸಿಗುವುದಿಲ್ಲ. ಅದಕ್ಕೆ ಹಿಂದಿನ ಭಾನುವಾರವನ್ನು ಹಿಡಿಯಬೇಕು. 2023ರಲ್ಲಾದರೆ ಅದು ಏಪ್ರಿಲ್ 30. ಬೆಳಗಿನ ಹೊತ್ತು ಅಭ್ಯರ್ಥಿಗಳು ಮನೆ ಮನೆ ಸುತ್ತಿ ಹತ್ತೂವರೆಗೆ ಬಿಸಿಲೇರಿದ ಮೇಲೆ ನೆರಳು ಹುಡುಕುತ್ತಾರೆ. ಸಭೆಗೆ ಹನ್ನೊಂದು ಗಂಟೆ ಒಳ್ಳೆಯ ಸಮಯ. ಸಂಜೆಗೆ ಇಟ್ಟುಕೊಂಡರೆ ಪಾದಯಾತ್ರೆ ಬಿಟ್ಟು ಯಾರೂ ಬರುವುದಿಲ್ಲ. ಎರಡು ವಾರದಲ್ಲಿ ಎಲ್ಲ ತಯಾರಿ ಮುಗಿಯದು; ಪ್ರಶ್ನೆ ಸಂಗ್ರಹ, ಸಭಾಂಗಣ, ನಿರ್ವಾಹಕರ ಆಯ್ಕೆ ಇವನ್ನು ಆರು ವಾರ ಮುಂಚೆಯೇ ಶುರು ಮಾಡಬೇಕು.

ಯಾರನ್ನು ಕರೆಯುವುದು? ಇಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥ. ಕಣದಲ್ಲಿ ಹತ್ತು ಹದಿನೈದು ಜನ ಇರುತ್ತಾರೆ, ವೇದಿಕೆಯಲ್ಲಿ ಐವರಿಗಿಂತ ಹೆಚ್ಚಾದರೆ ಒಂದು ಪ್ರಶ್ನೆಗೆ ಹತ್ತು ನಿಮಿಷ ಹೋಗುತ್ತದೆ, ಸಭಿಕರು ಫೋನ್ ತೆಗೆಯುತ್ತಾರೆ. ಚುನಾವಣಾ ಆಯೋಗದ ಮಾನ್ಯತೆ ಪಡೆದ ರಾಷ್ಟ್ರೀಯ ಮತ್ತು ರಾಜ್ಯ ಪಕ್ಷಗಳ ಅಭ್ಯರ್ಥಿಗಳೆಲ್ಲರಿಗೂ ಕರೆ, ಉಳಿದ ಕುರ್ಚಿಗೆ ಪಕ್ಷೇತರರು ಮತ್ತು ನೋಂದಾಯಿತ ಸಣ್ಣ ಪಕ್ಷದವರ ನಡುವೆ ಚೀಟಿ ಎತ್ತುವುದು, ಚೀಟಿ ಬಾರದವರಿಂದ ಅದೇ ಪ್ರಶ್ನೆಗಳಿಗೆ ಬರಹದ ಉತ್ತರ ಪಡೆದು ಸಭೆಯಲ್ಲಿ ಹಂಚುವುದು, ಇದು ನಮಗೆ ಒಗ್ಗಿದ ದಾರಿ. ಮಾನದಂಡ ಯಾವುದೇ ಇರಲಿ, ನಾಮಪತ್ರ ಸಲ್ಲಿಕೆ ಶುರುವಾಗುವ ಮೊದಲೇ ಬರೆದು ಸಂಘದ ನೋಟಿಸ್ ಬೋರ್ಡಿಗೆ ಹಾಕಬೇಕು. ಹೆಸರುಗಳು ಗೊತ್ತಾದ ಮೇಲೆ ಮಾಡಿದ ಮಾನದಂಡವನ್ನು ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಆಹ್ವಾನ ಪತ್ರ ಎಲ್ಲರಿಗೂ ಒಂದೇ ದಿನ, ಒಂದೇ ಒಕ್ಕಣೆಯಲ್ಲಿ ಹೋಗಬೇಕು. ಅಭ್ಯರ್ಥಿಯ ಹೆಸರಿಗೆ ಒಂದು, ಅವರ ಚುನಾವಣಾ ಏಜೆಂಟರಿಗೆ ಒಂದು, ವಾಟ್ಸಾಪಿನಲ್ಲಿ ಆಪ್ತ ಸಹಾಯಕರಿಗೆ ಒಂದು. ದಿನಚರಿ ಇರುವುದು ಏಜೆಂಟರ ಕೈಯಲ್ಲಿ, ಹಾಗಾಗಿ ಎರಡನೆಯ ಪ್ರತಿಯೇ ಕೆಲಸಕ್ಕೆ ಬರುವುದು. ಪತ್ರದ ಜೊತೆ ಸಭೆಯ ನಿಯಮದ ಹಾಳೆ ಲಗತ್ತಿಸಬೇಕು. ಅದರಲ್ಲಿ ನಮ್ಮದೇ ನೀತಿಪಾಠ ಸೇರಿಸದೆ ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯ ಮೊದಲ ಭಾಗವನ್ನೇ ಅಚ್ಚು ಹಾಕಿಸುತ್ತೇವೆ: ಟೀಕೆ ಎದುರಾಳಿಯ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಕ್ಕೆ ಸೀಮಿತವಾಗಿರಬೇಕು, ಸಾರ್ವಜನಿಕ ಕೆಲಸಕ್ಕೆ ಸಂಬಂಧಿಸದ ಖಾಸಗಿ ಬದುಕನ್ನು ಎಳೆದು ತರಬಾರದು, ರುಜುವಾತಾಗದ ಆರೋಪ ಹೊರಿಸಬಾರದು, ಜಾತಿ, ಕೋಮು ಭಾವನೆಯ ಹೆಸರಲ್ಲಿ ಮತ ಕೇಳಬಾರದು. 1960ರಲ್ಲಿ ಕೇರಳದಲ್ಲಿ ಮೊದಲು ರೂಪುಗೊಂಡ ಈ ಸಂಹಿತೆಗೆ ತನ್ನದೇ ಶಾಸನದ ಬಲವಿಲ್ಲ, ಆದರೆ ಪಕ್ಷಗಳೇ ಒಪ್ಪಿಕೊಂಡಿರುವಂಥದ್ದು. 'ಇದು ನಮ್ಮ ನಿಯಮ ಅಲ್ಲ ಸಾರ್, ನಿಮ್ಮದೇ' ಎಂದರೆ ವಾದಕ್ಕೆ ಜಾಗವಿರುವುದಿಲ್ಲ.

ಪತ್ರ ತಲುಪಿದ ಮೇಲೆ ಬರುವ ಫೋನ್ ಕರೆ ಎಲ್ಲ ಪಕ್ಷದ್ದೂ ಒಂದೇ ಥರ. 'ಅಣ್ಣ ಬರ್ತಾರೆ, ಅದಕ್ಕೇನಂತೆ. ಅವ್ರು ಬರ್ತಾರಾ?' ಇಲ್ಲಿ ಸುಳ್ಳು ಹೇಳುವ ಆಸೆ ಆಗುತ್ತದೆ. ಇನ್ನೊಬ್ಬರು ಒಪ್ಪಿದ್ದಾರೆ ಎಂದುಬಿಟ್ಟರೆ ಇವರು ಬರುತ್ತಾರೆ, ಇವರು ಬಂದರು ಎಂದರೆ ಅವರೂ ಬರುತ್ತಾರೆ. ಹಾಗೆ ಮಾಡಿದವರು ಎರಡನೇ ಸಲ ಸಭೆ ನಡೆಸಲು ಆಗುವುದಿಲ್ಲ. ಏಜೆಂಟರು ಒಬ್ಬರಿಗೊಬ್ಬರು ಸಂಜೆ ಕಾಫಿ ಕುಡಿಯುವ ಸ್ನೇಹಿತರು. ಯಾರು ಒಪ್ಪಿದ್ದಾರೆ, ಯಾರು ಇನ್ನೂ ತಿಳಿಸಿಲ್ಲ ಎಂಬ ಪಟ್ಟಿಯನ್ನು ದಿನಾ ಸಂಜೆ ಎಲ್ಲರಿಗೂ ಒಟ್ಟಿಗೆ ಕಳಿಸುವುದೇ ಸುರಕ್ಷಿತ.

ಗೆಲ್ಲುವೆನೆಂದು ಖಾತರಿಯಿರುವವರು ಬರಲು ಹಿಂಜರಿಯುತ್ತಾರೆ, ಅದು ಸಹಜ. ಮುಂದಿರುವವರಿಗೆ ಇಂಥ ಸಭೆಯಲ್ಲಿ ಗಳಿಸುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ದೇಶದ ಮಟ್ಟದಲ್ಲೂ ಹೀಗೇ. 2024ರ ಮೇನಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ಎ.ಪಿ. ಶಾ, ಪತ್ರಕರ್ತ ಎನ್. ರಾಮ್ ಅವರು ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರನ್ನೂ ಬಹಿರಂಗ ಚರ್ಚೆಗೆ ಕರೆದರು; ರಾಹುಲ್ ಒಪ್ಪಿದರು, ಚರ್ಚೆ ನಡೆಯಲಿಲ್ಲ. ಬರಲೇಬೇಕೆಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ಆದರೆ ಬೆಂಗಳೂರಿನಲ್ಲಿ ಒಪ್ಪಿಸಲು ಒಂದು ಲೆಕ್ಕ ಕೈಯಲ್ಲಿದೆ: 2023ರಲ್ಲಿ ಜಯನಗರ ಕ್ಷೇತ್ರದ ಫಲಿತಾಂಶ ಮರು ಎಣಿಕೆಯ ನಂತರ 16 ಮತಗಳ ಅಂತರದಲ್ಲಿ ನಿಂತಿತು. ಸಭಾಂಗಣದಲ್ಲಿ ಕೂತ ನೂರು ಮತದಾರರು, ಅವರವರ ಮನೆಯವರು ಎಂದು ಎಣಿಸಿ ಹೇಳಿದರೆ ಆಪ್ತ ಸಹಾಯಕರ ದನಿ ಸ್ವಲ್ಪ ಬದಲಾಗುತ್ತದೆ.

ಬಾರದವರ ಬದಲು ಪಕ್ಷದ ವಕ್ತಾರರನ್ನು ಕೂರಿಸಬಾರದು. ವಕ್ತಾರರಿಗೆ ಟಿ.ವಿ. ಚರ್ಚೆಯ ಚಟ ಹತ್ತಿರುತ್ತದೆ, ಮಾತು ಐದೇ ನಿಮಿಷದಲ್ಲಿ ದೆಹಲಿಗೆ ಹೋಗುತ್ತದೆ. ಖಾಲಿ ಕುರ್ಚಿ, ಮುಂದೆ ಹೆಸರಿನ ಫಲಕ, ಅಷ್ಟೇ ಸಾಕು. ಅದರತ್ತ ಕೈತೋರಿಸಿ ಲೇವಡಿ ಮಾಡಲು ಬಂದವರಿಗೂ ಬಿಡಬಾರದು.

ಅನುಮತಿಯ ಕೆಲಸ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇವೆ. ಕ್ಷೇತ್ರದ ಚುನಾವಣಾಧಿಕಾರಿಗೆ ಮತ್ತು ಠಾಣೆಯ ಇನ್‌ಸ್ಪೆಕ್ಟರಿಗೆ ಲಿಖಿತ ಅರ್ಜಿ: ಸ್ಥಳ, ಸಮಯ, ಜನಸಂಖ್ಯೆ, ಧ್ವನಿವರ್ಧಕದ ವಿವರ, ಆಹ್ವಾನಿತರ ಪಟ್ಟಿ. ಕೊನೆ ಕ್ಷಣದವರೆಗೆ ಕಾಯದೆ ಐದಾರು ದಿನ ಮುಂಚೆ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಬಾಯಿಮಾತಿನ 'ಮಾಡ್ಕೊಳ್ಳಿ ಸಾರ್' ಸಭೆಯ ದಿನ ಡ್ಯೂಟಿಗೆ ಬಂದ ಬೇರೆ ಅಧಿಕಾರಿಗೆ ಗೊತ್ತಿರುವುದಿಲ್ಲ. ಶಾಸಕರ ನಿಧಿಯಲ್ಲಿ ಕಟ್ಟಿದ ಸಮುದಾಯ ಭವನ ಬೇಡ. ಗೋಡೆಯ ಶಿಲಾಫಲಕ, ಫೋಟೋ ಮುಚ್ಚುವುದೇ ಒಂದು ರಾಮಾಯಣ. ದೇವಸ್ಥಾನ, ಚರ್ಚ್, ಮಸೀದಿಯ ಆವರಣ ಸಂಹಿತೆಯ ಪ್ರಕಾರವೇ ಪ್ರಚಾರಕ್ಕೆ ಸಲ್ಲದು. ಖಾಸಗಿ ಶಾಲೆಯ ಸಭಾಂಗಣ ಅಥವಾ ಸಣ್ಣ ಕಲ್ಯಾಣ ಮಂಟಪ ಅನುಕೂಲ.

ಖರ್ಚಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಒಬ್ಬ ಅಭ್ಯರ್ಥಿಯನ್ನು ಗೆಲ್ಲಿಸುವ ಉದ್ದೇಶದಿಂದ ಅವರ ಲಿಖಿತ ಒಪ್ಪಿಗೆಯಿಲ್ಲದೆ ಬೇರೆಯವರು ಸಭೆಗೆ ಹಣ ಸುರಿದರೆ ಅದು ಅಪರಾಧ; ಮೊದಲು ಐಪಿಸಿಯಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಮುಖಾಮುಖಿ ಸಭೆ ಯಾರೊಬ್ಬರ ಪರವೂ ಅಲ್ಲ. ಆದರೂ ವಿಧಾನಸಭೆಗೆ ಒಬ್ಬರ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ ಇರುವಾಗ, ಈ ಸಭೆಯ ಬಿಲ್ಲನ್ನು ತಮ್ಮ ಲೆಕ್ಕಕ್ಕೆ ಸೇರಿಸಿಬಿಟ್ಟಾರು ಎಂಬ ಭಯ ಏಜೆಂಟರಿಗೆ ಇದ್ದೇ ಇರುತ್ತದೆ. ಬಾಡಿಗೆ, ಮೈಕು, 150 ಕುರ್ಚಿ, ನೀರಿನ ಕ್ಯಾನು, ಚಹಾ ಇಷ್ಟನ್ನು ಸಾಲಾಗಿ ಬರೆದು, ಸಂಘದ ಸದಸ್ಯರ ಚಂದಾ ಹಣದಿಂದ ಮಾತ್ರ ಎಂದು ತಿಳಿಸಿ, ಚುನಾವಣಾಧಿಕಾರಿಗೆ ಕೊಟ್ಟ ಪತ್ರದ ಪ್ರತಿಯನ್ನು ಎಲ್ಲ ಏಜೆಂಟರಿಗೂ ಕಳಿಸಿದರೆ ಆ ಭಯ ಹೋಗುತ್ತದೆ. ಬಿಲ್ಡರುಗಳ 'ಪ್ರಾಯೋಜಕತ್ವ' ಬೇಡವೇ ಬೇಡ.

ಕರಪತ್ರದಲ್ಲಿ ಅನೇಕರು ಸಿಕ್ಕಿಹಾಕಿಕೊಳ್ಳುತ್ತಾರೆ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಚುನಾವಣೆಗೆ ಸಂಬಂಧಿಸಿದ ಕರಪತ್ರ, ಪೋಸ್ಟರಿನ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕರು ಸಹಿ ಮಾಡಿ, ಅವರನ್ನು ಬಲ್ಲ ಇಬ್ಬರು ದೃಢೀಕರಿಸಿದ ಘೋಷಣಾ ಪತ್ರದ ಎರಡು ಪ್ರತಿ ಕೊಡದೆ ಪ್ರೆಸ್ಸಿನವರು ಅಚ್ಚು ಹಾಕುವಂತಿಲ್ಲ. ಆಹ್ವಾನದ ಕರಪತ್ರ ತಾನೇ ಎಂದು ಹಗುರವಾಗಿ ತೆಗೆದುಕೊಳ್ಳುವ ಬದಲು ಆ ಎರಡು ಸಾಲು ಹಾಕಿಸಿಬಿಡುವುದು ಮೇಲು.

ಈಗ ನಿಜವಾದ ಕೆಲಸ, ಪ್ರಶ್ನೆ. ಸಭೆ ಕೆಡುವುದು ಅಭ್ಯರ್ಥಿಯ ಸ್ವಭಾವದಿಂದ ಎಂದು ಎಲ್ಲರೂ ತಿಳಿದಿರುತ್ತಾರೆ. ನಾವು ಕಂಡಂತೆ ಹತ್ತರಲ್ಲಿ ಎಂಟು ಸಲ ಕೆಡಿಸುವುದು ಸಡಿಲ ಪ್ರಶ್ನೆ. 'ನಮ್ಮ ಏರಿಯಾಗೆ ಏನು ಮಾಡ್ತೀರಾ?' ಎಂದು ಕೇಳಿದರೆ ಭಾಷಣ ಬರುತ್ತದೆ. 'ಹಿಂದಿನವರು ಏನೂ ಮಾಡಿಲ್ಲ, ನೀವೇನಂತೀರಿ?' ಎಂದರೆ ಬೈಗುಳಕ್ಕೆ ನಾವೇ ಬಾಗಿಲು ತೆಗೆದಂತೆ. ಇವುಗಳ ಬದಲು ಇಂಥದ್ದನ್ನು ಕೇಳಿ ನೋಡಿ: 'ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ನಿಮ್ಮ ಮೊದಲ ವರ್ಷದ ಹಣದಲ್ಲಿ ಮಾಡುವ ಮೂರು ಕೆಲಸ ಹೆಸರಿಸಿ, ಪ್ರತಿಯೊಂದಕ್ಕೂ ಅಂದಾಜು ಮೊತ್ತ ಹೇಳಿ.' ಮೊತ್ತ ಕೂಡಿಸುತ್ತಾ ಇರುವವನಿಗೆ ಪಕ್ಕದವನನ್ನು ಬೈಯಲು ಪುರುಸೊತ್ತಿರುವುದಿಲ್ಲ. ಮೂರೂ ಸೇರಿ 9 ಕೋಟಿ ಆದರೆ ಸಭಿಕರೇ ನಗುತ್ತಾರೆ. ಆ ನಗುವಿನಷ್ಟು ಚುರುಕಾಗಿ ತಿದ್ದುವ ಯಾವ ಟೀಕೆಯೂ ಇಲ್ಲ.

ಪ್ರಶ್ನೆ ಸಂಗ್ರಹಕ್ಕೆ ಪಾರ್ಕಿನ ಗೇಟು, ಹಾಲಿನ ಬೂತು, ನ್ಯಾಯಬೆಲೆ ಅಂಗಡಿಗಳಲ್ಲಿ ಡಬ್ಬಿ ಇಡಬೇಕು, ಎರಡು ವಾರ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪನ್ನೇ ನಂಬಿಕೊಂಡರೆ ಬರೀ ಟ್ರಾಫಿಕ್, ಫುಟ್‌ಪಾತ್, ಬೀದಿನಾಯಿ. ವಠಾರದ ಕೊಳಾಯಿ, ಬಿ ಖಾತಾ, ಅಂಗನವಾಡಿ, ರೇಷನ್ ಕಾರ್ಡಿನ ಪ್ರಶ್ನೆ ಡಬ್ಬಿಯಿಂದಲೇ ಬರುವುದು. ಇನ್ನೂರು ಚೀಟಿ ಬಂದರೆ ವಿಷಯವಾರು ಗುಡ್ಡೆ ಮಾಡಿದಾಗ ಹೆಚ್ಚೆಂದರೆ ಹನ್ನೆರಡು ಗುಡ್ಡೆ ಆಗುತ್ತವೆ. ದೊಡ್ಡ ಆರು ಗುಡ್ಡೆಯಿಂದ ಒಂದೊಂದು ಪ್ರಶ್ನೆ ಹೆಣೆಯಬೇಕು. ನಾವಿಟ್ಟುಕೊಂಡ ಅಳತೆ ಹೀಗಿದೆ: ಮೂವತ್ತು ಪದಕ್ಕೆ ಮೀರಬಾರದು, ಒಂದೇ ಸಂಗತಿ ಇರಬೇಕು, ಯಾವ ಪಕ್ಷದ ಅಥವಾ ವ್ಯಕ್ತಿಯ ಹೆಸರೂ ಬರಬಾರದು, ಒಂದು ಅಂಕಿ ಇರಬೇಕು, ಕೊನೆಗೆ 'ನೀವು ಏನು ಮಾಡುತ್ತೀರಿ' ಎಂಬ ಅರ್ಥ ಬರಬೇಕು.

ಇದು ಯಾರ ಕೆಲಸ ಎಂಬ ಗೊಂದಲ ಬೆಂಗಳೂರಿಗೆ ಅಂಟಿದ ಕಾಯಿಲೆ. ನೀರು ಜಲಮಂಡಳಿಗೆ, ಕರೆಂಟು ಬೆಸ್ಕಾಂಗೆ, ಬಸ್ಸು ಬಿಎಂಟಿಸಿಗೆ, ಬಡಾವಣೆ ಬಿಡಿಎಗೆ, ಮೆಟ್ರೊ ಇನ್ನೊಂದು ನಿಗಮಕ್ಕೆ. 'ಅದು ಪಾಲಿಕೆ ಕೆಲಸ, ಕಾರ್ಪೊರೇಟರ್ ಕೇಳಿ' ಎಂಬುದು ವಿಧಾನಸಭಾ ಅಭ್ಯರ್ಥಿಗಳ ಹಳೆಯ ಪಟ್ಟು. ಆದರೆ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, 198 ವಾರ್ಡಿಗೆ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2023ರಲ್ಲಿ ಶಾಸಕರನ್ನು ಆರಿಸುವಾಗ ಊರಿನಲ್ಲಿ ಒಬ್ಬ ಕಾರ್ಪೊರೇಟರೂ ಇರಲಿಲ್ಲ. 2025ರ ಸೆಪ್ಟೆಂಬರ್‌ನಿಂದ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳಾಗಿವೆ. ಹಾಗಾಗಿ ಪ್ರಶ್ನೆಯಲ್ಲೇ ಬಾಗಿಲು ಮುಚ್ಚಬೇಕು: 'ಇದು ಜಲಮಂಡಳಿಯ ಕೆಲಸವೆಂದು ಗೊತ್ತು. ಶಾಸಕರಾಗಿ ನೀವು ವಿಧಾನಸಭೆಯಲ್ಲಿ ಅಥವಾ ಮಂಡಳಿಯ ಮುಂದೆ ಏನು ಕೇಳುತ್ತೀರಿ?'

ನೀರಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಕಾವೇರಿ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡಿತು, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯ, ಮುಖ್ಯವಾಗಿ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಎಲ್ಲ ಅಭ್ಯರ್ಥಿಗಳೂ 'ಮನೆ ಮನೆಗೆ ಕಾವೇರಿ' ಎನ್ನುತ್ತಾರೆ, ಅಲ್ಲಿ ಭಿನ್ನಾಭಿಪ್ರಾಯವೇ ಇಲ್ಲ, ಭಿನ್ನಾಭಿಪ್ರಾಯ ಇಲ್ಲದ ಕಡೆಯೇ ವೈಯಕ್ತಿಕ ನಿಂದೆ ಹುಟ್ಟುವುದು. ಅದರ ಬದಲು ದರ ಕೇಳಿ: 2014ರಿಂದ 2025ರವರೆಗೆ ನೀರಿನ ದರ ಏರಲಿಲ್ಲ, ದರವನ್ನು ವರ್ಷ ವರ್ಷ ಸ್ವಲ್ಪ ಏರಿಸುವುದು ಸರಿಯೇ, ಬೇಡವಾದರೆ ಮಂಡಳಿಯ ಕೊರತೆ ತುಂಬುವ ಹಣ ಎಲ್ಲಿಂದ? ಈ ಪ್ರಶ್ನೆಗೆ ಐವರಿಂದ ಮೂರು ಬೇರೆ ಉತ್ತರವಾದರೂ ಬರುತ್ತವೆ. ನಿಜವಾದ ಜಗಳ ಸಿಕ್ಕಿದ ಮೇಲೆ ಸುಳ್ಳು ಜಗಳದ ಅಗತ್ಯ ಬೀಳುವುದಿಲ್ಲ.

ಪ್ರಶ್ನೆಗಳನ್ನು ಮುಂಚಿತವಾಗಿ ಕೊಡಬೇಕೆ? ಸಂಘಟಕರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ಕೊಟ್ಟರೆ ಕಂಠಪಾಠ, ಕೊಡದಿದ್ದರೆ ತಡವರಿಕೆ. ತಡವರಿಸಿದವನು ಮಾನ ಉಳಿಸಿಕೊಳ್ಳಲು ಎದುರಾಳಿಯ ಮೇಲೆ ಬೀಳುತ್ತಾನೆ. ಆರರಲ್ಲಿ ನಾಲ್ಕನ್ನು ಮೂರು ದಿನ ಮುಂಚೆ ಎಲ್ಲರಿಗೂ ಕೊಟ್ಟು, ಎರಡನ್ನು ಮುಚ್ಚಿದ ಲಕೋಟೆಯಲ್ಲಿ ಇಡುವುದು ನಮ್ಮ ಆಯ್ಕೆ.

ಅಫಿಡವಿಟ್ ಹಾಳೆಯೂ ಇದರ ಜೊತೆಗೇ ತಯಾರಾಗಬೇಕು. ನಾಮಪತ್ರದ ಜೊತೆ ಸಲ್ಲಿಸುವ ನಮೂನೆ 26ರಲ್ಲಿ ಆಸ್ತಿ, ಸಾಲ, ವಿದ್ಯಾರ್ಹತೆ, ಬಾಕಿ ಇರುವ ಕ್ರಿಮಿನಲ್ ಪ್ರಕರಣ ಎಲ್ಲವೂ ಇರುತ್ತವೆ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಿಂದ ಬಂದ ಸವಲತ್ತು ಇದು. ಆಯೋಗದ ಜಾಲತಾಣದಲ್ಲಿ ಸಿಗುತ್ತದೆ, ಆದರೆ ಕೈಬರಹದ ಸ್ಕ್ಯಾನ್ ಪುಟಗಳಲ್ಲಿ ಅಂಕಿ ಓದುವುದು ಕಷ್ಟ. ಒಬ್ಬರು ಓದಿ ಬರೆದದ್ದನ್ನು ಇನ್ನೊಬ್ಬರು ಮೂಲಕ್ಕೆ ಹಿಡಿದು ನೋಡಲೇಬೇಕು. ಒಂದು ಸೊನ್ನೆ ಹೆಚ್ಚಾದರೆ ಸಂಘಕ್ಕೆ ವಕೀಲರ ನೋಟಿಸ್. ಎಲ್ಲರಿಗೂ ಒಂದೇ ಅಗಲದ ಕಾಲಂ, ಯಾವ ವಿಶೇಷಣವೂ ಇಲ್ಲ. 'ಪ್ರಕರಣ ಬಾಕಿ ಇದೆ' ಎಂದರೆ ಶಿಕ್ಷೆಯಾಗಿದೆ ಎಂದಲ್ಲ ಎಂಬ ಸಾಲು ಕೆಳಗಿರಬೇಕು. ವೇದಿಕೆಯ ಮೇಲೆ ಇದನ್ನು ಓದಬಾರದು. ಬಾಗಿಲಲ್ಲಿ ಕೈಗೆ ಕೊಟ್ಟರೆ ಜನ ಓದಿಕೊಳ್ಳುತ್ತಾರೆ. ಓದಿಕೊಂಡದ್ದು ಮುಖದಲ್ಲಿ ಕಾಣುತ್ತದೆ ಕೂಡ.

ಕಲ್ಯಾಣ ಮಂಟಪವಾದರೆ ಮೊದಲ ಕೆಲಸ, ವೇದಿಕೆಯ ಮೇಲಿನ ವಧೂವರರ ಸಿಂಹಾಸನ ಕೆಳಗಿಳಿಸುವುದು. ತೆಗೆಯದಿದ್ದರೆ ಯಾರೋ ಒಬ್ಬ ಕಾರ್ಯಕರ್ತ ತನ್ನ ನಾಯಕರನ್ನು ಅದರ ಮೇಲೇ ಕೂರಿಸುತ್ತಾನೆ, ಅಲ್ಲಿಗೆ ಸಮಾನತೆ ಮುಗಿಯಿತು. ಐದು ಒಂದೇ ಥರದ ಕುರ್ಚಿ, ಅರ್ಧಚಂದ್ರಾಕಾರ, ಎರಡರ ನಡುವೆ ನಾಲ್ಕು ಅಡಿ. ಯಾರು ಎಲ್ಲಿ ಎಂಬುದು ಚೀಟಿ ಎತ್ತಿ. ಶಾಲು, ಹಾರ, ಪೇಟ ಬೇಡ. ಐವರಿಗೆ ಸನ್ಮಾನವೆಂದರೆ ಇಪ್ಪತ್ತು ನಿಮಿಷ ಹಾಳು, ಯಾರ ಹಾರ ದಪ್ಪ ಎಂಬ ತಕರಾರು ಬೇರೆ. ಕೈಮೈಕು ಕೊಡಬೇಡಿ. ಕೈಮೈಕು ಹಿಡಿದ ರಾಜಕಾರಣಿ ಎದ್ದು ನಿಲ್ಲುತ್ತಾನೆ, ಎದ್ದವನು ಮುಂದೆ ಬರುತ್ತಾನೆ, ಮುಂದೆ ಬಂದವನು ಕೂರುವುದಿಲ್ಲ. ಮೇಜಿಗೆ ಬಾಗುವ ಕತ್ತಿನ ಗೋಸ್‌ನೆಕ್ ಮೈಕು, ಐದೂ ಪ್ರತ್ಯೇಕ ಚಾನಲ್ಲಿನಲ್ಲಿ, ಮಿಕ್ಸರಿನ ಮುಂದೆ ಸಂಘದ ಒಬ್ಬರು. ಒಂದು ಸಮಯಕ್ಕೆ ಒಂದೇ ಚಾನಲ್ ತೆರೆದಿರಬೇಕು. ಸೌಂಡಿನವರಿಗೆ ಇದನ್ನು ಹಿಂದಿನ ದಿನವೇ ಹೇಳದಿದ್ದರೆ ಅವರು ಅಭ್ಯಾಸಬಲದಿಂದ ಎಲ್ಲವನ್ನೂ ಎತ್ತಿ ಇಟ್ಟಿರುತ್ತಾರೆ.

ಸಮಯದ ಲೆಕ್ಕ: ಪರಿಚಯಕ್ಕೆ ಐವರಿಗೆ ಎರಡೆರಡು ನಿಮಿಷ, ಒಟ್ಟು 10. ಆರು ಪ್ರಶ್ನೆ, ತಲಾ ಒಂದೂವರೆ ನಿಮಿಷ, ಒಟ್ಟು 45. ಸಭಿಕರ ಮೂರು ಪ್ರಶ್ನೆಗೆ ತಲಾ ಒಂದು ನಿಮಿಷ, 15. ಪ್ರತ್ಯುತ್ತರಕ್ಕೆ 5. ಇವೆಲ್ಲ ಸೇರಿ 75, ಉಳಿದ 15 ನಿಮಿಷ ತಡ, ಕೆಮ್ಮು, ಕರೆಂಟಿಗೆ. ಮಾತಿನ ಸರದಿ ಪ್ರತಿ ಪ್ರಶ್ನೆಗೂ ಒಂದು ಕುರ್ಚಿ ಸರಿಯಬೇಕು. ಮೊದಲು ಮಾತಾಡುವುದು ಯಾವಾಗಲೂ ಕಷ್ಟದ ಕೆಲಸ.

ಪ್ರತ್ಯುತ್ತರಕ್ಕೆ ಒಬ್ಬೊಬ್ಬರಿಗೆ ಎರಡು ಹಳದಿ ಕಾರ್ಡು, ಒಂದಕ್ಕೆ 30 ಸೆಕೆಂಡು. ತನ್ನ ಬಗ್ಗೆ ಇನ್ನೊಬ್ಬರು ಹೇಳಿದ ಸಂಗತಿಯನ್ನು ತಿದ್ದಲು ಮಾತ್ರ. ಎರಡೇ ಇರುವುದರಿಂದ ಕೊನೆಯವರೆಗೂ ಉಳಿಸಿಕೊಳ್ಳುವ ಜಿಪುಣತನ ಎಲ್ಲರಿಗೂ ಬರುತ್ತದೆ. ಮಧ್ಯೆ ಬಾಯಿ ಹಾಕುವುದು ಅರ್ಧಕ್ಕರ್ಧ ನಿಲ್ಲುವುದು ಈ ಕಾರ್ಡಿನಿಂದಲೇ.

ಜೈಕಾರದ ಮದ್ದು ಇನ್ನೂ ಸರಳ. ಯಾರ ಬೆಂಬಲಿಗರು ಕೂಗುತ್ತಾರೋ ಅವರ ನಾಯಕರ ಸಮಯದ ಗಡಿಯಾರ ಓಡುತ್ತದೆ, ಕೂಗು ನಿಂತ ಮೇಲಷ್ಟೇ ಮೈಕು ತೆರೆಯುತ್ತದೆ. ಮೊದಲ ಪ್ರಶ್ನೆಯಲ್ಲಿ ಇಪ್ಪತ್ತು ಸೆಕೆಂಡು ಕಳೆದುಕೊಂಡ ಅಭ್ಯರ್ಥಿ ತಾನೇ ಎದ್ದು 'ಏಯ್, ಕೂತ್ಕೊಳ್ರೋ' ಎನ್ನುತ್ತಾರೆ. ಅಲ್ಲಿಂದಾಚೆ ಪೊಲೀಸರಿಗೂ ಕೆಲಸವಿಲ್ಲ. 150 ಕುರ್ಚಿಯಲ್ಲಿ ಪ್ರತಿ ಅಭ್ಯರ್ಥಿಗೆ ಹತ್ತು ಪಾಸು, ಉಳಿದ ನೂರು ಹೆಸರು ನೋಂದಾಯಿಸಿದ ಮತದಾರರಿಗೆ, ಮತದಾರರ ಪಟ್ಟಿಯ ಭಾಗ ಸಂಖ್ಯೆವಾರು. ಪಾಸಿಲ್ಲದೆ ಬಾಗಿಲು ತೆರೆದಿಟ್ಟರೆ ಹತ್ತೂಕಾಲಿಗೇ ಎರಡು ಟೆಂಪೊ ಜನ ಬಂದು ಮುಂದಿನ ಸಾಲು ತುಂಬಿರುತ್ತಾರೆ. ಶಾಲು, ಬಾವುಟ, ಚಿಹ್ನೆ ಇರುವ ಟೋಪಿ ಎಲ್ಲ ಹೊರಗೇ.

ನಿರ್ವಾಹಕರಾಗಿ ಸಂಘದ ಅಧ್ಯಕ್ಷರು ಬೇಡ, ಅವರ ಒಲವು ಊರಿಗೆಲ್ಲ ಗೊತ್ತಿರುತ್ತದೆ. ಟಿ.ವಿ. ನಿರೂಪಕರಂತೂ ಬೇಡವೇ ಬೇಡ, ಬೆಂಕಿ ಆರಿದರೆ ಅವರಿಗೆ ನಿದ್ದೆ ಬರುತ್ತದೆ. ನಿವೃತ್ತ ಮುಖ್ಯೋಪಾಧ್ಯಾಯಿನಿಯಂಥವರು ಸಿಕ್ಕರೆ ಅದೃಷ್ಟ. ಗಲಾಟೆ ತರಗತಿ ನೋಡಿದವರು. ಸಂಬೋಧನೆಯನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಒಬ್ಬರನ್ನು 'ಮಾನ್ಯ ಶಾಸಕರು', ಇನ್ನೊಬ್ಬರನ್ನು ಬರೀ ಹೆಸರಿನಿಂದ ಕರೆದರೆ ತಕ್ಕಡಿ ವಾಲಿತು. 'ಅಣ್ಣ' ಬೇಡ, 'ಸಾಹೇಬ್ರು' ಬೇಡ, 'ಗೌಡ್ರೇ', 'ರೆಡ್ಡಿಯವರೇ' ಎಂಬ ಜಾತಿಸೂಚಕ ಕರೆಯೂ ಬೇಡ. ಮಹಿಳಾ ಅಭ್ಯರ್ಥಿಯನ್ನು ಎದುರಾಳಿ 'ನನ್ನ ತಂಗಿ ಇದ್ದಂಗೆ' ಎಂದು ಪ್ರೀತಿ ತೋರಿಸಿ ಕುಗ್ಗಿಸುವುದನ್ನೂ ತಡೆಯಬೇಕು. ಎಲ್ಲರಿಗೂ ಹೆಸರು, ಮುಂದೆ 'ಅವರೇ'. ಯಾರಾದರೂ ಏಕವಚನಕ್ಕೆ ಇಳಿದು 'ನೀನೇನ್ ಮಾಡಿದ್ದೀಯ' ಎಂದರೆ ಗದರಬಾರದು. ಮೈಕು ಮುಚ್ಚಿ, 'ನೀವೇನು ಮಾಡಿದ್ದೀರಿ' ಎಂದು ಆ ವಾಕ್ಯವನ್ನು ಮೆಲ್ಲಗೆ ತಿದ್ದಿ ಹೇಳಿ, ಮತ್ತೆ ತೆರೆಯಬೇಕು. ಎರಡನೇ ಸಲಕ್ಕೆ ಒಂದು ಹಳದಿ ಕಾರ್ಡು ಹೋಗುತ್ತದೆ.

ಭಾಷೆ ಕನ್ನಡ. ಆದರೆ ಸಭಿಕರಲ್ಲಿ ತಮಿಳು, ತೆಲುಗು, ಉರ್ದು ಮನೆಮಾತಿನವರು ಇದ್ದೇ ಇರುತ್ತಾರೆ. ಅವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಕೇಳಿಸಿಕೊಂಡು ನಿರ್ವಾಹಕರು ಕನ್ನಡದಲ್ಲಿ ಒಂದು ವಾಕ್ಯಕ್ಕೆ ಇಳಿಸಿ ಹೇಳಿದರೆ ಆಯಿತು. ಭಾಷೆಯನ್ನೇ ಜಗಳದ ವಸ್ತುವಾಗಿ ಮಾಡಲು ಕಾದಿರುವವರಿಗೆ ಅವಕಾಶ ಸಿಗಬಾರದು.

ವಿಡಿಯೊ ವಿಷಯ ಕೊನೆಗೆ ನೆನಪಾಗುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಸಭೆ ಎಷ್ಟೇ ಚೆನ್ನಾಗಿ ನಡೆಯಲಿ, ಯಾರೋ ಫೋನಿನಲ್ಲಿ ಹಿಡಿದ ಇಪ್ಪತ್ತು ಸೆಕೆಂಡಿನ ತುಣುಕು ಸಂಜೆಯೊಳಗೆ ಕ್ಷೇತ್ರವೆಲ್ಲ ಓಡಾಡಿ ಇಡೀ ಸಭೆಯನ್ನು ಕೆಸರು ಮಾಡಬಲ್ಲದು. ಒಂದು ಸ್ಥಿರ ಕ್ಯಾಮೆರಾ, ಆರಂಭದಿಂದ ಅಂತ್ಯದವರೆಗೆ ಕಡಿತವಿಲ್ಲದೆ. ಪರದೆಯ ಕೆಳಗೆ ಆ ಹೊತ್ತಿನ ಪ್ರಶ್ನೆ ಮತ್ತು ಗಡಿಯಾರ ಕಾಣುತ್ತಿರಬೇಕು, ಯಾರು ಎಲ್ಲಿ ಕತ್ತರಿಸಿದರೂ ಪ್ರಶ್ನೆ ಜೊತೆಗೇ ಹೋಗುತ್ತದೆ. ಪೂರ್ತಿ ವಿಡಿಯೊ ಮತ್ತು ಪ್ರಶ್ನೆಗೊಂದರಂತೆ ಆರು ತುಂಡುಗಳನ್ನು ಅಂದೇ ರಾತ್ರಿ ಐವರು ಏಜೆಂಟರಿಗೂ ಒಂದೇ ಸಂದೇಶದಲ್ಲಿ ಕಳಿಸಬೇಕು. ಪ್ರತಿ ತುಂಡಿನಲ್ಲೂ ಐವರ ಉತ್ತರ ಸರದಿಯಾಗಿ ಇರುತ್ತದೆ, ಒಬ್ಬರದ್ದನ್ನೇ ಹಂಚುವವರಿಗೂ ಎದುರಾಳಿಯ ಉತ್ತರ ಸೇರಿಸಿಯೇ ಹಂಚುವುದು ಸುಲಭವಾಗುತ್ತದೆ.

ಸಭಾಂಗಣದ ಹೊರಗೆ ನಡೆಯುವುದು ಬೇರೆಯೇ. 2023ರ ಚುನಾವಣೆಯ ವೇಳೆ ರಾಜ್ಯದಲ್ಲಿ 375 ಕೋಟಿ ರೂಪಾಯಿಗೂ ಹೆಚ್ಚು ಬೆಲೆಯ ನಗದು, ಮದ್ಯ, ಉಡುಗೊರೆ ಮುಂತಾದವು ವಶವಾದವು. ಸಭೆಯ ಬಾಗಿಲಲ್ಲೇ ಕುಕ್ಕರ್ ಟೋಕನ್ ಹಂಚುವವರು ಕಂಡರೆ ಜಗಳಕ್ಕೆ ಹೋಗಬೇಡಿ. ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಅಲ್ಲಿಂದಲೇ ಫೋಟೋ ಅಥವಾ ಎರಡು ನಿಮಿಷದೊಳಗಿನ ವಿಡಿಯೊ ಹಾಕಿ. ನೂರು ನಿಮಿಷದೊಳಗೆ ಉತ್ತರ ಕೊಡುವ ವ್ಯವಸ್ಥೆ ಅದು. ಮನೆಗೆ ಹೋಗಿ ಹಳೆಯ ಫೋಟೋ ಹಾಕಲು ಬರುವುದಿಲ್ಲ, ಸ್ಥಳದಲ್ಲೇ ತೆಗೆಯಬೇಕು.

ಮರುದಿನ ಉತ್ತರಗಳ ಬರಹರೂಪ ಸಿದ್ಧವಾಗುತ್ತದೆ. ಆರು ಪ್ರಶ್ನೆ, ಐದು ಕಾಲಂ, ಹೇಳಿದ ಅಂಕಿಗಳು ದಪ್ಪಕ್ಷರದಲ್ಲಿ. ಅದನ್ನು ಕಳಿಸಿದ ಅರ್ಧ ಗಂಟೆಯೊಳಗೆ ಒಂದಾದರೂ ಫೋನ್ ಬರುತ್ತದೆ: 'ಅಣ್ಣ ಬಾಯ್ತಪ್ಪಿ 40 ಕೋಟಿ ಅಂದ್ಬಿಟ್ರು, 4 ಅಂತ ಮಾಡ್ಬಿಡಿ.' ಬದಲಿಸಬಾರದು. ಹೇಳಿದ್ದು ಹಾಗೇ ಉಳಿದು, ಅದರ ಕೆಳಗೆ ತಿದ್ದುಪಡಿ, ತಾರೀಕು, ಕಳಿಸಿದವರ ಸಹಿ ಬರಬೇಕು. ಆ ಹಾಳೆಯ ಒಂದು ಪ್ರತಿ ಸಂಘದ ಕಪಾಟಿನಲ್ಲಿ, ಚಂದಾ ರಸೀದಿ ಪುಸ್ತಕದ ಪಕ್ಕ ಇರುತ್ತದೆ. ಮುಂದಿನ ಚುನಾವಣೆಯ ಮೊದಲ ಪ್ರಶ್ನೆ ಅದರಿಂದಲೇ ತೆಗೆಯುವುದು.